ಮುಖದ ಮೇಲಿನ ಬೆಳಕು

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಅದು ಮುಂಬಯಿಯ ಚಾಳಾಗಿರಲಿ, ಪುಣೆಯ ಫ್ಲ್ಯಾಟಾಗಿರಲಿ, ಹಿರಿಯರ ಭಾವಚಿತ್ರವೊಂದು ಗೋಡೆಯ ಮೇಲೆ ಇದ್ದೇ ಇರುತ್ತದೆ. ಈ ಚಿತ್ರಗಳನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಅವುಗಳಲ್ಲಿ ಎರಡು ಬಗೆ ಕಂಡುಬರುತ್ತವೆ. ಮೊದಲನೆಯದು, ಊರಿನ ಸ್ಟುಡಿಯೋದಲ್ಲಿ ಐವತ್ತು-ಅರವತ್ತು ವರ್ಷಗಳ ಹಿಂದೆ ತೆಗೆಸಿದ ಕಪ್ಪು-ಬಿಳುಪಿನ ಚಿತ್ರ. ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ, ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಂಬ ಮತ್ತು ಉದ್ಯಾನ. ಎರಡನೆಯದು ಈಚಿನದು, ಯಾರದೋ ಮದುವೆಯ ಗುಂಪುಚಿತ್ರದಿಂದ ಒಬ್ಬರ ಮುಖವನ್ನು ಮಾತ್ರ ಬೇರ್ಪಡಿಸಿ, ಹಿಗ್ಗಿಸಿ, ಅವಸರದಲ್ಲಿ ಚೌಕಟ್ಟು ಹಾಕಿಸಿ ಹಾರ ತೊಡಿಸಿದ್ದು.

ಎರಡನೆಯ ಚಿತ್ರವನ್ನು ತೆಗೆದ ಕ್ಯಾಮರಾ ಮೊದಲನೆಯದಕ್ಕಿಂತ ಎಷ್ಟೋ ಪಾಲು ಮುಂದುವರಿದದ್ದು. ಆದರೂ ಹಳೆಯ ಚಿತ್ರದಲ್ಲಿ ಅಜ್ಜನ ಕೆನ್ನೆಯ ಗುಳಿ, ಹಣೆಯ ಗೆರೆ, ಕಣ್ಣಿನ ಹೊಳಪು ಎಲ್ಲವೂ ಉಳಿದಿವೆ. ಹೊಸದರಲ್ಲಿ ಮುಖವು ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗಿದೆ. ಇದಕ್ಕೆ ಕಾರಣ ಕ್ಯಾಮರಾ ಅಲ್ಲ. ಊರಿನ ಆ ಸ್ಟುಡಿಯೋದವನು ಮುಖವನ್ನು ನೋಡಿ, ದೀಪವನ್ನು ಎಲ್ಲಿಡಬೇಕೆಂದು ಯೋಚಿಸಿ ಇಟ್ಟಿದ್ದ. ಮದುವೆಯ ಮಂಟಪದಲ್ಲಿ ಕ್ಯಾಮರಾದ ತಲೆಯ ಮೇಲಿದ್ದ ಫ್ಲ್ಯಾಷ್ ನೇರವಾಗಿ ಮುಖಕ್ಕೆ ಬಡಿದು, ಇದ್ದ ನೆರಳನ್ನೆಲ್ಲ ಅಳಿಸಿಹಾಕಿತು. ನೆರಳಿಲ್ಲದ ಮುಖಕ್ಕೆ ಆಕಾರವಿಲ್ಲ.

ಇಂದು ಸ್ಟುಡಿಯೋ ದೀಪಗಳು ಮಧ್ಯಮ ವರ್ಗದವರ ಕೈಗೂ ಎಟುಕುವಂತಾಗಿವೆ. ಸ್ಟ್ಯಾಂಡು, ಕೊಡೆ, ಎರಡು ದೀಪ ಸೇರಿದ ಪೆಟ್ಟಿಗೆಯನ್ನು ಕೊಂಡು ಮನೆಯ ಹಜಾರದಲ್ಲಿಯೇ ಭಾವಚಿತ್ರ ತೆಗೆಯುವ ಹವ್ಯಾಸ ಅನೇಕರಿಗೆ ಹಿಡಿದಿದೆ. ಆದರೆ ಮೊದಲ ದಿನದ ಫಲಿತಾಂಶ ಬಹುಮಟ್ಟಿಗೆ ಎಲ್ಲರದೂ ಒಂದೇ. ಪೆಟ್ಟಿಗೆಯಲ್ಲಿ ದೀಪಗಳು ಎರಡಿವೆ ಎಂಬ ಕಾರಣಕ್ಕೆ ಎರಡನ್ನೂ ಹೊರತೆಗೆದು, ಎಡಕ್ಕೊಂದು ಬಲಕ್ಕೊಂದು ಸಮದೂರದಲ್ಲಿ ನಿಲ್ಲಿಸಿ, ಮಧ್ಯೆ ತಾಯಿಯನ್ನು ಕೂರಿಸುತ್ತಾರೆ. ಮೂಡಿಬರುವುದು ಗುರುತಿನ ಚೀಟಿಗೆ ಸಲ್ಲುವ ಚಿತ್ರ. ಮೂಗಿನ ಎರಡೂ ಬದಿಗೆ ಒಂದೊಂದು ನೆರಳು, ಪ್ರತಿಯೊಂದು ಕಣ್ಣಿನಲ್ಲಿ ಎರಡೆರಡು ಬಿಳಿಯ ಚುಕ್ಕೆ. ಅಸಮಾಧಾನಗೊಂಡವರು ಮೂರನೆಯ ದೀಪವನ್ನು ಕೊಳ್ಳಲು ಹೊರಡುತ್ತಾರೆ. ಮಾಡಬೇಕಾದುದು ಇದಕ್ಕೆ ತದ್ವಿರುದ್ಧ. ಎರಡನೆಯದನ್ನೂ ಪೆಟ್ಟಿಗೆಗೆ ಹಿಂದಿರುಗಿಸಿ, ಒಂದೇ ದೀಪದಲ್ಲಿ ಕೆಲವು ವಾರ ಕಳೆಯುವುದು.

ಭಾವಚಿತ್ರದ ಇತಿಹಾಸವೂ ಒಂದೇ ಬೆಳಕಿನಿಂದ ಆರಂಭವಾಯಿತು. 1839ರಲ್ಲಿ ಫ್ರಾನ್ಸಿನ ಡಗೇರನ ವಿಧಾನ ಪ್ರಕಟವಾದಾಗ ವಿದ್ಯುದ್ದೀಪಗಳೇ ಇರಲಿಲ್ಲ. ಚಿತ್ರ ತೆಗೆಸಿಕೊಳ್ಳುವವರು ನಿಮಿಷಗಟ್ಟಲೆ ಅಲುಗದೆ ಕೂರಬೇಕಾಗಿದ್ದುದರಿಂದ ತಲೆಯ ಹಿಂದೆ ಕಬ್ಬಿಣದ ಆನಿಕೆಯನ್ನು ಕೊಡುತ್ತಿದ್ದರು. ಸ್ಟುಡಿಯೋ ಎಂದರೆ ಗಾಜಿನ ಮಾಡು ಅಥವಾ ಉತ್ತರಕ್ಕೆ ತೆರೆದ ದೊಡ್ಡ ಗಾಜಿನ ಕಿಟಕಿ. ಉತ್ತರದ ಕಡೆಯಿಂದ ನೇರವಾದ ಬಿಸಿಲು ಬಹುಮಟ್ಟಿಗೆ ಬೀಳದು. ಆಕಾಶದ ಹರಡಿದ ಬೆಳಕು ಮಾತ್ರ ಒಳಬರುತ್ತದೆ. ಅದನ್ನು ಪರದೆಗಳಿಂದ ಹೆಚ್ಚು-ಕಡಿಮೆ ಮಾಡಿಕೊಳ್ಳುತ್ತಿದ್ದರು. ಲಾಲಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಒಂದು ಸ್ಟುಡಿಯೋವನ್ನೂ, 1896ರಲ್ಲಿ ಮುಂಬಯಿಯಲ್ಲಿ ಇನ್ನೊಂದನ್ನೂ ತೆರೆದದ್ದು ಇಂಥ ಕಾಲದಲ್ಲಿ. ಇಂದಿನ ಸಾಫ್ಟ್‌ಬಾಕ್ಸ್ ಎಂಬ ಬಟ್ಟೆಯ ಪೆಟ್ಟಿಗೆ ಆ ಹಳೆಯ ಕಿಟಕಿಯ ಅನುಕರಣೆಯಷ್ಟೇ. ಆದುದರಿಂದ ದೀಪ ಕೊಳ್ಳಲು ಹಣ ಕೂಡಿಸುತ್ತಿರುವವರು ಅಲ್ಲಿಯವರೆಗೆ ಮನೆಯ ಕಿಟಕಿಯ ಬಳಿ ಅಭ್ಯಾಸ ಮಾಡಿದರೆ ಅವರಿಗೆ ನಷ್ಟವೇನೂ ಇಲ್ಲ.

ಅಭ್ಯಾಸಕ್ಕೆ ಮನುಷ್ಯರನ್ನು ಕೂರಿಸುವುದಕ್ಕಿಂತ ಮೊದಲು ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿ ಮತ್ತು ಒಂದು ಸ್ಟೀಲ್ ಚೊಂಬನ್ನು ಮೇಜಿನ ಮೇಲಿಟ್ಟುಕೊಳ್ಳುವುದು ಒಳ್ಳೆಯದು. ಕೋಣೆಯನ್ನು ಕತ್ತಲೆ ಮಾಡಿ ಒಂದೇ ದೀಪವನ್ನು ಕೈಯಲ್ಲಿ ಹಿಡಿದು ಸುತ್ತಾಡಿಸಿದರೆ, ತೆಂಗಿನಕಾಯಿಯ ಒರಟು ಮೈಯ ಮೇಲೆ ಬೆಳಕು ನೆರಳಿಗೆ ಎಲ್ಲಿ ತಿರುಗುತ್ತದೆ ಎಂಬುದು ತಿಳಿಯುತ್ತದೆ. ದೀಪ ಎದುರಿಗಿದ್ದಾಗ ನಾರಿನ ಎಳೆಗಳು ಕಾಣವು. ಬದಿಗೆ ಸರಿದಂತೆ ಒಂದೊಂದೇ ಎದ್ದು ನಿಲ್ಲುತ್ತವೆ. ಚೊಂಬಿನ ಪಾಠ ಬೇರೆ. ಅದರ ಮೇಲೆ ಕಾಣುವುದು ದೀಪದ ಪ್ರತಿಬಿಂಬವೇ. ಬರಿಯ ಬಲ್ಬಾದರೆ ಕಣ್ಣು ಕುಕ್ಕುವ ಚುಕ್ಕೆ, ಬಿಳಿಯ ಪಂಚೆಯನ್ನು ಅಡ್ಡ ಹಿಡಿದರೆ ಅಗಲವಾದ ಮಾಸಲು ಪಟ್ಟಿ. ಮನುಷ್ಯನ ಚರ್ಮದಲ್ಲಿ ಈ ಎರಡೂ ಗುಣಗಳಿವೆ. ಅದು ಸ್ವಲ್ಪ ತೆಂಗಿನಕಾಯಿ, ಸ್ವಲ್ಪ ಚೊಂಬು.

ಪಂಚೆಯನ್ನು ಅಡ್ಡ ಹಿಡಿದಾಗ ನಡೆದುದೇನು? ದೀಪದ ಶಕ್ತಿ ಹೆಚ್ಚಲಿಲ್ಲ, ಬದಲಿಗೆ ಕಡಿಮೆಯಾಯಿತು. ಹೆಚ್ಚಿದ್ದು ಬೆಳಕಿನ ಮೂಲದ ಗಾತ್ರ. ಸಣ್ಣ ಮೂಲದಿಂದ ಬಂದ ಬೆಳಕು ಚಾಕುವಿನಿಂದ ಕತ್ತರಿಸಿದಂಥ ಅಂಚಿನ ನೆರಳನ್ನು ಕೊಡುತ್ತದೆ. ದೊಡ್ಡ ಮೂಲದಿಂದ ಬಂದದ್ದು ಅಂಚು ಕರಗಿದ ಮೃದುವಾದ ನೆರಳನ್ನು ಕೊಡುತ್ತದೆ. ಇಲ್ಲಿ ಗಾತ್ರವೆಂದರೆ ಅಳತೆಪಟ್ಟಿಯ ಗಾತ್ರವಲ್ಲ, ಕುಳಿತವರ ಕಣ್ಣಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಸೂರ್ಯ ಎಷ್ಟು ಬೃಹತ್ತಾದರೂ ಬಹು ದೂರದಲ್ಲಿರುವುದರಿಂದ ಸಣ್ಣ ಮೂಲವೇ. ಮಧ್ಯಾಹ್ನದ ಬಿಸಿಲಿನ ನೆರಳು ಅಷ್ಟು ತೀಕ್ಷ್ಣವಾಗಿರುವುದು ಆ ಕಾರಣದಿಂದ. ಮೂರು ಅಡಿಯ ಕೊಡೆ ನಾಲ್ಕು ಅಡಿ ದೂರದಲ್ಲಿ ಮೃದುವಾಗಿರುತ್ತದೆ, ಹನ್ನೆರಡು ಅಡಿಗೆ ಒಯ್ದರೆ ಅದೇ ಕೊಡೆ ಕಠಿಣವಾಗುತ್ತದೆ. ಬೆಳಕು ಒರಟಾಗಿದೆ ಎನ್ನಿಸಿದಾಗ ದೀಪವನ್ನು ಹಿಂದಕ್ಕೆ ಸರಿಸುವುದು ಹೊಸಬರ ಸಹಜ ಪ್ರವೃತ್ತಿ. ಸರಿಸಬೇಕಾದುದು ಮುಂದಕ್ಕೆ, ಬೆಳಕು ಹೆಚ್ಚಾದರೆ ದೀಪದ ಶಕ್ತಿಯನ್ನು ತಗ್ಗಿಸಿದರಾಯಿತು.

ದೂರದ ಇನ್ನೊಂದು ನಿಯಮವನ್ನು ಶಾಲೆಯ ಭೌತಶಾಸ್ತ್ರದಲ್ಲಿ ಎಲ್ಲರೂ ಓದಿ ಮರೆತಿರುತ್ತಾರೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮುಮ್ಮಡಿಯಾದರೆ ಒಂಬತ್ತರಲ್ಲಿ ಒಂದು ಭಾಗ. ಸ್ಟುಡಿಯೋದಲ್ಲಿ ಇದರ ಉಪಯೋಗ ದೊಡ್ಡದು. ಕುಳಿತವರ ಹಿಂದೆ ಆರು ಅಡಿಗೆ ಬೂದುಬಣ್ಣದ ಗೋಡೆಯಿದೆ ಎನ್ನೋಣ. ದೀಪ ಮುಖದಿಂದ ಮೂರು ಅಡಿಯಲ್ಲಿದ್ದರೆ ಗೋಡೆಗೆ ಒಂಬತ್ತು ಅಡಿ. ಮುಖಕ್ಕೆ ಸಿಕ್ಕುವ ಬೆಳಕಿನ ಒಂಬತ್ತರಲ್ಲೊಂದು ಪಾಲು ಮಾತ್ರ ಗೋಡೆಗೆ ಸಲ್ಲುತ್ತದೆ, ಅದು ಕಪ್ಪಾಗಿಯೇ ಕಾಣುತ್ತದೆ. ಅದೇ ದೀಪವನ್ನು ಒಂಬತ್ತು ಅಡಿಗೆ ಒಯ್ದರೆ ಗೋಡೆ ಹದಿನೈದು ಅಡಿಯಲ್ಲಿದ್ದು, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕು ಅದಕ್ಕೆ ದೊರೆಯುತ್ತದೆ. ಬಣ್ಣ ಬಳಿಯದೆ, ಪರದೆ ಬದಲಿಸದೆ, ಒಂದೇ ಗೋಡೆಯನ್ನು ಕಪ್ಪಾಗಿಯೂ ಬೂದಾಗಿಯೂ ಮಾಡಬಹುದು.

ಇನ್ನು ದೀಪದ ದಿಕ್ಕು. ಇಲ್ಲಿ ನೋಡಬೇಕಾದುದು ದೀಪವನ್ನಲ್ಲ, ಮೂಗಿನ ನೆರಳನ್ನು. ದೀಪ ಕ್ಯಾಮರಾದ ನೇರ ಮೇಲೆ ಎತ್ತರದಲ್ಲಿದ್ದರೆ ಮೂಗಿನ ಕೆಳಗೆ ಚಿಟ್ಟೆಯಾಕಾರದ ಸಣ್ಣ ನೆರಳು ಬಿದ್ದು ಕೆನ್ನೆಯ ಮೂಳೆಗಳು ಎದ್ದು ಕಾಣುತ್ತವೆ; ಹಳೆಯ ಹಾಲಿವುಡ್ ತಾರೆಯರ ಚಿತ್ರಗಳಲ್ಲಿ ಇದು ಹೇರಳ. ದೀಪವನ್ನು ಬದಿಗೆ ಸುಮಾರು 45 ಡಿಗ್ರಿ ಸರಿಸಿ, ಕಣ್ಣಿನ ಮಟ್ಟಕ್ಕಿಂತ ಎತ್ತರದಲ್ಲಿಟ್ಟರೆ ಮೂಗಿನ ನೆರಳು ಕೆನ್ನೆಯ ನೆರಳನ್ನು ಕೂಡಿಕೊಂಡು, ನೆರಳಿನ ಬದಿಯ ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಮುಖಚಿತ್ರಗಳಲ್ಲಿ ಇದು ಕಾಣುವುದರಿಂದ ಅವನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಪೂರ್ತಿ ಪಕ್ಕಕ್ಕೆ ಸರಿಸಿದರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲೆ. ಯಕ್ಷಗಾನದ ರಾಕ್ಷಸ ವೇಷಕ್ಕೆ ಅದು ಹೊಂದೀತು, ಮಗಳ ನಿಶ್ಚಿತಾರ್ಥದ ಚಿತ್ರಕ್ಕೆ ಹೊಂದದು. ದೀಪವನ್ನು ತೀರ ಎತ್ತರಕ್ಕೆ ಏರಿಸಿದರೆ ಕಣ್ಣುಗಳು ಗುಳಿಬಿದ್ದು ಮುಖ ರೋಗಿಯಂತೆ ಕಾಣುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲ್ಭಾಗದಲ್ಲಿ ದೀಪದ ಒಂದು ಪ್ರತಿಬಿಂಬ ಕಾಣುವವರೆಗೆ ಅದನ್ನು ಇಳಿಸಬೇಕು. ಆ ಒಂದು ಚುಕ್ಕೆ ಇಲ್ಲದಿದ್ದರೆ ಕಣ್ಣು ನಿರ್ಜೀವ.

ಮುಖ ಸ್ವಲ್ಪ ಓರೆಯಾಗಿ ತಿರುಗಿದಾಗ ಒಂದು ಕೆನ್ನೆ ಕ್ಯಾಮರಾಕ್ಕೆ ಅಗಲವಾಗಿಯೂ ಇನ್ನೊಂದು ಕಿರಿದಾಗಿಯೂ ಕಾಣುತ್ತದೆ. ಅಗಲ ಕೆನ್ನೆಗೆ ಬೆಳಕು ಕೊಟ್ಟರೆ ಮುಖ ದುಂಡಗೆ, ಕಿರಿದಾದದ್ದಕ್ಕೆ ಕೊಟ್ಟರೆ ತೆಳ್ಳಗೆ. ಕಾಯಿಲೆಯಿಂದ ಎದ್ದು ಸೊರಗಿದವರನ್ನೂ ಮೈತುಂಬಿಕೊಂಡವರನ್ನೂ ಒಂದೇ ರೀತಿ ಬೆಳಗಿಸಬಾರದೆಂಬುದು ಇದರಿಂದ ಸ್ಪಷ್ಟ.

ಒಂದೇ ದೀಪವಾದರೆ ಇನ್ನೊಂದು ಕೆನ್ನೆ ತೀರ ಕಪ್ಪಾಗುವುದಿಲ್ಲವೆ? ಆಗುತ್ತದೆ. ಅದಕ್ಕೆ ಪರಿಹಾರ ಎರಡು ಅಡಿ ಅಗಲದ ಥರ್ಮೊಕೋಲ್ ಹಲಗೆ. ಅದನ್ನು ನೆರಳಿನ ಬದಿಗೆ ಮುಖದಿಂದ ಎರಡು-ಮೂರು ಅಡಿ ದೂರದಲ್ಲಿ ನಿಲ್ಲಿಸಿದರೆ, ದೀಪದ ಬೆಳಕೇ ಅಲ್ಲಿಂದ ಮರಳಿ ಬಂದು ನೆರಳನ್ನು ತಿಳಿಗೊಳಿಸುತ್ತದೆ. ಹತ್ತಿರ ತಂದರೆ ನೆರಳು ತೆಳುವಾಗುತ್ತದೆ, ದೂರ ಒಯ್ದರೆ ಗಾಢವಾಗುತ್ತದೆ. ಬೆಳಗಿದ ಕೆನ್ನೆ ನೆರಳಿನ ಕೆನ್ನೆಗಿಂತ ಎರಡು-ಮೂರು ಪಟ್ಟು ಬೆಳಕು ಪಡೆದರೆ ಸೌಮ್ಯವಾದ ಚಿತ್ರ. ಎಂಟು ಪಟ್ಟಾದರೆ ನಾಟಕೀಯ. ಆದರೆ ಮಹಾನಗರದ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗಳಲ್ಲಿ ಕಷ್ಟ ಹೆಚ್ಚಾಗಿ ಬೇರೆಯದೇ. ಬಿಳಿಯ ಗೋಡೆ, ತಗ್ಗಾದ ಛಾವಣಿ ಎಲ್ಲವೂ ಬೆಳಕನ್ನು ಮರಳಿಸುವುದರಿಂದ ನೆರಳು ಹುಟ್ಟುವುದೇ ಇಲ್ಲ. ಅಂಥಲ್ಲಿ ನೆರಳಿನ ಬದಿಗೆ ಬಿಳಿಯ ಹಲಗೆಯ ಬದಲು ಕರಿಯ ಕಂಬಳಿಯೊಂದನ್ನು ತೂಗುಹಾಕಬೇಕು. ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣವಿದ್ದರೆ ಅದೇ ಬಣ್ಣ ಕೆನ್ನೆಗೂ ಹತ್ತುತ್ತದೆಂಬುದನ್ನು ನೆನಪಿನಲ್ಲಿಡುವುದು ಲೇಸು.

ಬೆಳಕನ್ನು ಮರಳಿಸಿ ಬಳಸುವ ವಿದ್ಯೆಯ ಮಾತು ಬಂದಾಗ ಮುಂಬಯಿ ಕನ್ನಡಿಗರು ವಿ. ಕೆ. ಮೂರ್ತಿಯವರನ್ನು ನೆನೆಯದಿರಲಾರರು. 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಬಂದು ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದವರು ಅವರು. 1959ರ ‘ಕಾಗಜ್ ಕೇ ಫೂಲ್’ ಚಿತ್ರದ ಗೀತದೃಶ್ಯವೊಂದರಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಅವರು ಯಾವುದೋ ಭಾರಿ ದೀಪದಿಂದ ಪಡೆಯಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯೊಂದರಿಂದ ಹಿಡಿದು, ಮತ್ತೊಂದು ಕನ್ನಡಿಯಿಂದ ಕೆಳಗಿಳಿಸಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು.

ಪಾಶ್ಚಾತ್ಯ ಕೈಪಿಡಿಗಳನ್ನು ಓದಿ ಕಲಿಯುವವರು ಎಡವುವ ಒಂದು ಸ್ಥಳವಿದೆ. ಆ ಪುಸ್ತಕಗಳ ಬಹುಪಾಲು ಲೆಕ್ಕಾಚಾರ ಬಿಳಿಯ ಚರ್ಮಕ್ಕೆ ಹಾಕಿದ್ದು. ನಮ್ಮ ಜನರಲ್ಲಿ ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲ ಛಾಯೆಗಳೂ ಇವೆ. ಕಪ್ಪು ಚರ್ಮ ಒಳಗಿನಿಂದ ಮರಳಿಸುವ ಬೆಳಕು ಕಡಿಮೆ. ಆದರೆ ಮೇಲ್ಮೈಯ ಹೊಳಪು ಎಲ್ಲ ಚರ್ಮಕ್ಕೂ ಹೆಚ್ಚುಕಡಿಮೆ ಸಮ. ಆದುದರಿಂದ ಕಪ್ಪು ಮುಖದ ಆಕಾರವನ್ನು ಹೇಳುವುದು ಮುಖ್ಯವಾಗಿ ಆ ಹೊಳಪೇ. ಚೊಂಬಿನ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಬರಿಯ ಬಲ್ಬಿನಿಂದ ಹಣೆಯ ಮೇಲೆ, ಮೂಗಿನ ತುದಿಯ ಮೇಲೆ ಎಣ್ಣೆ ಹಚ್ಚಿದಂಥ ಚುಕ್ಕೆಗಳಾಗುತ್ತವೆ. ದೊಡ್ಡ ಸಾಫ್ಟ್‌ಬಾಕ್ಸನ್ನು ಬದಿಯಿಂದ ಹತ್ತಿರ ತಂದರೆ ಅದೇ ಹೊಳಪು ಅಗಲವಾಗಿ ಹರಡಿ, ಹಣೆ, ಕೆನ್ನೆ, ಗಲ್ಲಗಳನ್ನು ಕಡೆದು ನಿಲ್ಲಿಸಿದಂತೆ ತೋರಿಸುತ್ತದೆ. ಕಪ್ಪು ಮುಖವನ್ನು ಕಾಣಿಸಲು ಬೆಳಕನ್ನು ಸುಮ್ಮನೆ ಹೆಚ್ಚಿಸುತ್ತ ಹೋಗುವುದು ಅತಿ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಬಿಳಿಯ ಜುಬ್ಬ ಸುಟ್ಟುಹೋಗುತ್ತದೆ, ಮುಖವೂ ಬೂದಿಬಣ್ಣಕ್ಕೆ ತಿರುಗುತ್ತದೆ.

ಸ್ವಯಂಚಾಲಿತ ಕ್ಯಾಮರಾ ಇಲ್ಲಿ ಮೋಸಹೋಗುತ್ತದೆ. ತನ್ನೆದುರಿನದೆಲ್ಲವನ್ನೂ ಸರಾಸರಿ ನಡುಬೂದು ಬಣ್ಣಕ್ಕೆ ತರುವುದು ಅದರ ಕ್ರಮ. ಬಿಳಿಯ ಜರತಾರಿ ಸೀರೆ ಚೌಕಟ್ಟನ್ನು ತುಂಬಿದ್ದರೆ ಮುಖವನ್ನು ಕಪ್ಪಿಡುತ್ತದೆ, ಕರಿಯ ಪರದೆಯಿದ್ದರೆ ಮುಖವನ್ನು ಬಿಳಿಚಿಸುತ್ತದೆ. ಕೈಯಲ್ಲಿ ಹಿಡಿಯುವ ಬೆಳಕುಮಾಪಕವನ್ನು ಗಲ್ಲದ ಬಳಿಯಿಟ್ಟು ದೀಪದತ್ತ ತಿರುಗಿಸಿ ಅಳೆದರೆ ಈ ಭ್ರಮೆ ಇರದು, ಏಕೆಂದರೆ ಅದು ಅಳೆಯುವುದು ಬೀಳುವ ಬೆಳಕನ್ನು, ಮರಳುವ ಬೆಳಕನ್ನಲ್ಲ. ಮಾಪಕವಿಲ್ಲದವರು ಕ್ಯಾಮರಾದ ಪರದೆಯ ಮೇಲೆ ಜುಬ್ಬದ ಮಡಿಕೆಗಳೂ ಮಲ್ಲಿಗೆಯ ಎಸಳುಗಳೂ ಉಳಿದಿವೆಯೆ ಎಂದು ನೋಡಿಕೊಂಡರೂ ಸಾಕು. ಹಿಂದೆ ಸ್ಟುಡಿಯೋದವರು ನೆಗೆಟಿವ್‌ನ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಸುಕ್ಕುಗಳನ್ನು ಅಳಿಸುತ್ತಿದ್ದರು. ಇಂದು ಫೋನು ಕೇಳದೆಯೇ ಮುಖವನ್ನು ಬೆಳ್ಳಗೆ ಮಾಡಿಕೊಡುತ್ತದೆ. ಕಪ್ಪಗಿದ್ದ ತಾಯಿಯನ್ನು ಬೆಳ್ಳಗೆ ತೋರಿಸುವ ಚಿತ್ರ ಯಾರ ತಾಯಿಯದು ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ.

ಸಣ್ಣಪುಟ್ಟ ತೊಡಕುಗಳೂ ಉಂಟು. ಕನ್ನಡಕದ ಗಾಜಿನಲ್ಲಿ ದೀಪ ಹೊಳೆದರೆ ದೀಪವನ್ನು ಸ್ವಲ್ಪ ಎತ್ತರಿಸಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿಟ್ಟರೆ ಗಾಜು ಕೆಳಮುಖವಾಗಿ ಹೊಳಪು ಮಾಯವಾಗುತ್ತದೆ. ನಲವತ್ತು ವರ್ಷ ಕನ್ನಡಕ ಧರಿಸಿದವರನ್ನು ಅದನ್ನು ತೆಗೆಯುವಂತೆ ಹೇಳುವುದು ಸರಿಯಲ್ಲ. ಮೊಮ್ಮಕ್ಕಳು ಆ ಮುಖವನ್ನು ಗುರುತಿಸರು. ವಜ್ರದ ಮೂಗುತಿಗೆ ಮಾತ್ರ ದೊಡ್ಡ ಮೃದುವಾದ ಬೆಳಕು ಒಗ್ಗದು, ಅದು ಮಂಕಾಗುತ್ತದೆ. ದೂರದಿಂದ ಒಂದು ಸಣ್ಣ ದೀಪದ ಕಿಡಿ ತಾಗಿದರೆ ಮಿನುಗುತ್ತದೆ.

ಯಾವ ಬಗೆಯ ದೀಪವನ್ನು ಕೊಳ್ಳಬೇಕೆಂಬ ಪ್ರಶ್ನೆಗೆ, ಆರಂಭದಲ್ಲಿ ಸದಾ ಉರಿಯುವ ಎಲ್‌ಇಡಿ ದೀಪವೇ ಮೇಲು. ಕಣ್ಣಿಗೆ ಕಾಣುವ ನೆರಳೇ ಚಿತ್ರದಲ್ಲಿಯೂ ಬರುವುದರಿಂದ ಕಲಿಕೆ ಬೇಗ ಆಗುತ್ತದೆ. ಬಣ್ಣಗಳನ್ನು ನಿಷ್ಠೆಯಿಂದ ತೋರಿಸುವ ಗುಣದ ಸೂಚ್ಯಂಕ 95ಕ್ಕೆ ಕಡಿಮೆಯಿಲ್ಲದ್ದನ್ನು ಆರಿಸಬೇಕು. ಅಗ್ಗದ ದೀಪಗಳಲ್ಲಿ ಕುಂಕುಮ ಕಂದಾಗಿ ಕಾಣುತ್ತದೆ. ಫ್ಲ್ಯಾಷ್ ಹೆಚ್ಚು ಶಕ್ತಿಯುತವಾದದ್ದು, ಚಂಚಲ ಮಕ್ಕಳನ್ನು ಹಿಡಿದು ನಿಲ್ಲಿಸಬಲ್ಲದು. ಆದರೆ ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದರಿಂದ ಷಟರಿನ ವೇಗವನ್ನು ಬದಲಿಸಿ ಅದನ್ನು ಹೆಚ್ಚು-ಕಡಿಮೆ ಮಾಡಲಾಗದು. ಲೆನ್ಸಿನ ದ್ವಾರ, ಐಎಸ್‌ಒ, ದೀಪದ ಶಕ್ತಿ, ದೀಪದ ದೂರ ಇವು ಅದನ್ನು ಆಳುತ್ತವೆ. ಷಟರನ್ನು ಸೆಕೆಂಡಿನ 125ರಲ್ಲಿ ಒಂದು ಭಾಗಕ್ಕೆ, ದ್ವಾರವನ್ನು ಎಫ್ 8ಕ್ಕೆ, ಐಎಸ್‌ಒ 100ಕ್ಕೆ ಇಟ್ಟು, ಫ್ಲ್ಯಾಷನ್ನು ಆರಿಸಿ ಒಂದು ಚಿತ್ರ ತೆಗೆದು ನೋಡಬೇಕು. ಅದು ಪೂರ್ತಿ ಕಪ್ಪಾಗಿ ಬಂದರೆ ಕೋಣೆಯ ಟ್ಯೂಬ್‌ಲೈಟು ಚಿತ್ರದೊಳಗೆ ಹಸಿರು ಛಾಯೆ ಬೆರೆಸದೆಂದು ಖಾತರಿ. ಷಟರನ್ನು ಮಿತಿಮೀರಿ ವೇಗಗೊಳಿಸಿದರೆ ಚಿತ್ರದ ಒಂದು ಅಂಚು ಕಪ್ಪು ಪಟ್ಟಿಯಾಗುತ್ತದೆ. ಕ್ಯಾಮರಾ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಕಾಗಿಲ್ಲ.

ದೀಪದ ಕೆಲಸದಲ್ಲಿ ದೇಹಕ್ಕೂ ಅಪಾಯಗಳಿವೆ. ಮನೆಯ ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್, ಅಂದರೆ 230 ವೋಲ್ಟಿಗೆ ಸುಮಾರು 1,380 ವ್ಯಾಟ್. ಹಳೆಯ 500 ವ್ಯಾಟಿನ ಹ್ಯಾಲೊಜೆನ್ ದೀಪಗಳು ಮೂರನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸಿದರೆ ತಂತಿ ಕಾಯುತ್ತದೆ. ಅಂಥ ದೀಪದ ಮುಂದೆ ಪಂಚೆ ಅಥವಾ ಬೆಣ್ಣೆಕಾಗದ ಹಿಡಿದರೆ ಬೆಂಕಿಯೂ ಹತ್ತೀತು. ಸ್ಟುಡಿಯೋ ಫ್ಲ್ಯಾಷಿನ ಒಳಗಿನ ಕೆಪಾಸಿಟರು ಪ್ಲಗ್ ತೆಗೆದ ಮೇಲೂ ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿರಬಹುದಾದ್ದರಿಂದ ಅದನ್ನು ಮನೆಯಲ್ಲಿ ಬಿಚ್ಚಲೇಬಾರದು. ಅಪಸ್ಮಾರವಿರುವ ಕೆಲವರಿಗೆ ಮೇಲಿಂದ ಮೇಲೆ ಮಿಂಚುವ ಬೆಳಕು ಸೆಳವನ್ನು ತರಬಲ್ಲದು; ಕೂರಿಸುವ ಮೊದಲು ಕೇಳುವುದರಲ್ಲಿ ಸಂಕೋಚ ಬೇಡ. ಕಣ್ಣಿನ ಪೊರೆ ಬಂದ ವೃದ್ಧರಿಗೆ ಎದುರಿನ ಪ್ರಖರ ದೀಪ ಬಹಳ ಹಿಂಸೆ. ಅವರು ಕಣ್ಣು ಕಿರಿದಾಗಿಸುವುದು ಹಟದಿಂದಲ್ಲ. ದೀಪವನ್ನು ಬದಿಗೆ ಸರಿಸಿ, ಶಕ್ತಿಯನ್ನು ಇಳಿಸಿ, ಕೋಣೆಯ ಇತರ ದೀಪಗಳನ್ನು ಸಿದ್ಧತೆಯ ಹೊತ್ತಿನಲ್ಲಿ ಉರಿಯಲು ಬಿಟ್ಟರೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ.

ಬಾಣಂತನಕ್ಕೋ ಕಣ್ಣಿನ ಶಸ್ತ್ರಚಿಕಿತ್ಸೆಗೋ ಊರಿನಿಂದ ತಂದೆತಾಯಿಯರು ನಗರಕ್ಕೆ ಬಂದಿರುವ ತಿಂಗಳುಗಳೇ ಇಂಥ ಚಿತ್ರಕ್ಕೆ ಸಕಾಲ. ಕಲಿಯುವವರು ದೀಪ ಜೋಡಿಸುವಷ್ಟು ಹೊತ್ತೂ ಅವರನ್ನು ಕೂರಿಸಿಕೊಂಡಿರುವುದು ಕ್ರೌರ್ಯ. ಅದೇ ಎತ್ತರದ ಇನ್ನೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ನೆರಳು ಸರಿಹೋದ ಮೇಲೆ, ದೀಪದ ಸ್ಟ್ಯಾಂಡು ಇರುವ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಅನಂತರ ಹಿರಿಯರನ್ನು ಕರೆಯಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಒಂಟಿಯಾಗಿ ಕೂರಿಸಿ ದೀಪ ಹಚ್ಚಿದೊಡನೆ, “ಹಾರ ಹಾಕೋಕೆ ಈಗಲೇ ತಯಾರಿಯೇನಪ್ಪಾ?” ಎಂದು ಅಜ್ಜ ಕೇಳಿಯಾರು. ಆ ಮಾತಿಗೆ ಉತ್ತರವಿಲ್ಲ. ಮೊದಲು ಇಬ್ಬರನ್ನೂ ಜೊತೆಯಾಗಿ ಕೂರಿಸಿ, ಊರಿನ ಬಾವಿಯ ನೀರಿನದೋ ತೋಟದ ಅಡಕೆಯದೋ ಮಾತು ತೆಗೆದರೆ ಅವರು ಕ್ಯಾಮರಾವನ್ನು ಮರೆಯುತ್ತಾರೆ. ಒಬ್ಬೊಬ್ಬರ ಚಿತ್ರವನ್ನು ಅದರ ನಡುವೆಯೇ ತೆಗೆದುಕೊಳ್ಳಬಹುದು. ಅಷ್ಟರಲ್ಲಿ ಅಜ್ಜಿ ಸೆರಗನ್ನು ಸರಿಪಡಿಸಿಕೊಳ್ಳುತ್ತ ಅಜ್ಜನತ್ತ ನೋಡಿದರೆ ಆ ಕ್ಷಣಕ್ಕೆ ಬೆರಳು ಸಿದ್ಧವಾಗಿರಬೇಕು.

ತೆಗೆದ ಚಿತ್ರವನ್ನು ಫೋನಿನಲ್ಲಿಯೇ ಬಿಟ್ಟರೆ ಅದು ಫೋನಿನೊಂದಿಗೇ ಹೋಗುತ್ತದೆ. ಹತ್ತು ಅಂಗುಲಕ್ಕೆ ಹನ್ನೆರಡು ಅಂಗುಲದ ಕಾಗದದ ಮೇಲೆ, ಹೊಳಪಿಲ್ಲದ ಬಗೆಯಲ್ಲಿ, ಎರಡು ಪ್ರತಿ ಮುದ್ರಿಸಬೇಕು. ಎದುರುಗೋಡೆಯ ಟ್ಯೂಬ್‌ಲೈಟು ಅದರ ಮೇಲೆ ಪ್ರತಿಫಲಿಸುವುದಿಲ್ಲ. ಒಂದು ನಗರದ ಮನೆಗೆ. ಇನ್ನೊಂದನ್ನು ಅವರು ಊರಿಗೆ ಹಿಂದಿರುಗುವಾಗ ಸೀರೆಗಳ ನಡುವೆ ಮಡಚದಂತೆ ಇಟ್ಟು ಕಳುಹಿಸಬೇಕು.